ಹಾಲೋರನ್‌ನ ಮೊಣಕಾಲು

ಐಲಿ ಕೊರ್ಪೆಲಾ ಕ್ಷಮಿಸುವ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಪಾದ್ರಿಗಳು ಒಮ್ಮೆ ಅವಳನ್ನು ‘ಮೃದು ಮನಸ್ಸಿನವಳು’ ಎಂದು ಹೊಗಳಿದ್ದನ್ನು ನಾನೇ ಕೇಳಿದ್ದೇನೆ. ಪಾದ್ರಿಗಳಿಗೆ ಸ್ಕೇಟ್ ಹಾಕುವ ಅಭ್ಯಾಸವಿಲ್ಲ. ಪಾಪ, ಅವರಿಗೇನು ಗೊತ್ತು.

ನಮ್ಮದು ಉತ್ತರ ಒಂಟಾರಿಯೊದ ನಿಕ್ಕಲ್ ಗಣಿಯ ಊರು. ಇಲ್ಲಿಯ ಐಸ್ ಅರೀನಾದೊಳಗೆ ಕಾಲಿಟ್ಟರೆ ಎಡಕ್ಕೆ ಗೂಡಂಗಡಿಯಷ್ಟು ಒಂದು ಕೋಣೆ. ಅದರಲ್ಲಿ ಒಂದು ಸಾಣೆ ಯಂತ್ರ, ಒಂದು ಸ್ಟೂಲು, ಸ್ಟೂಲಿನ ಮೇಲೆ ಐಲಿ. ಮೂವತ್ತೊಂದು ವರ್ಷದಿಂದ ಊರಿನ ಸ್ಕೇಟುಗಳಿಗೆಲ್ಲ ಅವಳೇ ಸಾಣೆ ಹಿಡಿಯುವುದು. ಅಲಗನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರೆ ಸಾಕು, ಆ ಮನುಷ್ಯ ಯಾವ ಕಾಲಿನ ಮೇಲೆ ಭಾರ ಹಾಕುತ್ತಾನೆ, ಯಾವ ಕಡೆ ತಿರುಗಲು ಹೆದರುತ್ತಾನೆ ಎಂದು ಹೇಳಬಲ್ಲಳು. ನನ್ನ ಸ್ಕೇಟ್ ನೋಡಿ, "ಮರ್ವ್, ನಿನ್ನ ಎಡ ಸೊಂಟ ಡಾಕ್ಟರಿಗೆ ತೋರ್ಸು" ಅಂದಳು ಒಂದು ಸಲ. ನಾನು ನಕ್ಕೆ. ಎರಡು ವರ್ಷದ ಮೇಲೆ ಆ ಸೊಂಟವನ್ನು ಬದಲಾಯಿಸಬೇಕಾಯಿತು.

ಅವಳ ಗಂಡ ಆರ್ವೋ ಗಣಿಯಲ್ಲಿ ನನ್ನ ಜೊತೆ ಕೆಲಸ ಮಾಡಿದವನು. ಮಾತು ಕಡಿಮೆ, ಆದರೆ ಐಸ್ ಹಾಕಿಯ ವಿಷಯ ಬಂದರೆ ಇನ್ನೊಬ್ಬರಿಗೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಅರೀನಾದ ಕ್ಯಾಂಟೀನಿನಲ್ಲಿ ನಾವು ಎಂಟು ಜನ ಕೂಡುತ್ತಿದ್ದೆವು. ಎಂಟು ಜನರಿಗೂ ಕಾಗದದ ಮೇಲೆ ಒಂದೊಂದು ತಂಡ. ದೊಡ್ಡ ಲೀಗಿನಲ್ಲಿ ನಿಜವಾಗಿ ಆಡುವ ಆಟಗಾರರನ್ನೇ ನಾವು ಹಂಚಿಕೊಳ್ಳುವುದು. ಅವರು ಅಲ್ಲಿ ಗೋಲು ಹೊಡೆದರೆ ನಮಗಿಲ್ಲಿ ಅಂಕ. ಅವರ ನಿಜವಾದ ಸಂಬಳವೇ ನಮ್ಮ ಲೆಕ್ಕ. ತಂಡದ ಒಟ್ಟು ಸಂಬಳ ಲೀಗಿನ ಮಿತಿಯನ್ನು ದಾಟುವಂತಿಲ್ಲ. ಗೆದ್ದವನಿಗೆ ಸಿಗುವುದು ತಗಡಿನ ಹಳೆಯ ಊಟದ ಡಬ್ಬಿ. ಆ ಡಬ್ಬಿಗಾಗಿ ನಾವು ಆಡುವ ಜಗಳ ಹೆಂಡತಿ ಮಕ್ಕಳಿಗಾಗಿಯೂ ಆಡಿಲ್ಲ.

"ಅವನಿಗೆ ತೊಂಬತ್ತು ಲಕ್ಷ ಡಾಲರ್ ಕೊಟ್ಟು ಇಟ್ಕೊಂಡಿದ್ದೀಯಲ್ಲ, ತಲೆ ನೆಟ್ಟಗಿದ್ಯಾ ನಿಂಗೆ?"

"ನಿನ್ನ ಗೋಲ್‌ಕೀಪರ್‌ಗಿಂತ ನಮ್ಮನೆ ಬಾಗಿಲು ವಾಸಿ ಕಣೋ. ಅದು ಆಗೀಗಾದ್ರೂ ಮುಚ್ಕೊಳತ್ತೆ."

ಹೀಗೆ ಮೂರು ಗಂಟೆ, ನಾಲ್ಕು ಕಪ್ ಕಾಫಿ.

ನಮ್ಮಲ್ಲಿ ಅದಲುಬದಲು ಎಂದರೆ ಕಾಗದ ಪತ್ರ ಇಲ್ಲ. ಇಬ್ಬರು ಕೈ ಕುಲುಕಿದರೆ ಮುಗಿಯಿತು, ದೇವರು ಬಂದರೂ ಬದಲಿಸುವಂತಿಲ್ಲ. ಉಳಿದ ನಿಯಮಗಳನ್ನೆಲ್ಲ ಬರೆದಿಟ್ಟವನು ರೋಲಾಂಡ್ ಟೆಸಿಯೆ. ನಿವೃತ್ತ ಶಾಲಾ ಮಾಸ್ತರ. ನಮ್ಮನ್ನು ಇನ್ನೂ ಆರನೇ ಕ್ಲಾಸಿನಲ್ಲೇ ಕೂರಿಸಿಕೊಂಡಿದ್ದೇನೆ ಎಂಬ ಭ್ರಮೆ. ಏಳು ಸಲ ಡಬ್ಬಿ ಗೆದ್ದಿದ್ದಾನೆ.

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಆರ್ವೋಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ನಿಂತಿತು. ಹತ್ತು ದಿನದ ಮೇಲೆ ರೋಲಾಂಡ್ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದ. ಶನಿವಾರ ಮೇಜಿನ ಮುಂದೆ ಕೂತು, ಕೋಟನ್ನೂ ಬಿಚ್ಚದೆ ಹೇಳಿದ: "ಆರ್ವೋ ನಂಗೆ ಟೀಲ್‌ನ ಕೊಟ್ಟ. ನಾನು ಅವನಿಗೆ ಹಾಲೋರನ್‌ನ ಕೊಟ್ಟೆ. ಕೈ ಕುಲುಕಿಯಾಯ್ತು."

ಮೇಸನ್ ಟೀಲ್ ಆಗ ಹತ್ತೊಂಬತ್ತರ ಹುಡುಗ. ಯಾರೂ ಹೆಸರು ಕೇಳಿರದಿದ್ದಾಗ ಆರ್ವೋ ಆರಿಸಿಕೊಂಡಿದ್ದ. ಮುಂದಿನ ವರ್ಷ ಅವನು ನಲವತ್ತು ಗೋಲು ಹೊಡೆದ. ಗ್ರೆಗ್ ಹಾಲೋರನ್ ನಮ್ಮೂರಿನವನೇ, ಒಳ್ಳೆಯ ಡಿಫೆನ್ಸ್ ಆಟಗಾರ, ಆದರೆ ಮೂವತ್ತನಾಲ್ಕು ವರ್ಷ, ಸಂಬಳ ಅರವತ್ತು ಲಕ್ಷ, ಮತ್ತು ಆ ವಾರವಷ್ಟೇ ಬಲ ಮೊಣಕಾಲು ಚೂರಾಗಿ ಮಲಗಿದ್ದ. ನಾವು ಬೆಚ್ಚಿದೆವು, ಆಮೇಲೆ ನಕ್ಕೆವು. ಅಂದಿನಿಂದ ಯಾರಾದರೂ ಮೋಸಹೋದರೆ, ತುಕ್ಕು ಹಿಡಿದ ಟ್ರಕ್ ಕೊಂಡರೆ, ಸೋರುವ ದೋಣಿ ತಂದರೆ, ‘ಆರ್ವೋ ಮಾಡ್ಕೊಂಡ’, ಅಂದರೆ ಆರ್ವೋನ ಹಾಗೆ ಏಮಾರಿದ, ಎನ್ನುವ ಮಾತು ಹುಟ್ಟಿತು. ಮೊದಲು ಹಾಗಂದವನು ನಾನೇ. ಮಾತು ಊರೆಲ್ಲ ಹಬ್ಬಿದಾಗ ಹೆಮ್ಮೆಯೂ ಆಗಿತ್ತು, ಸುಳ್ಳೇಕೆ ಹೇಳಲಿ.

ಆರ್ವೋ ಇನ್ನೂ ನಾಲ್ಕು ತಿಂಗಳು ಬದುಕಿದ್ದ. ರೇಡಿಯೋದಲ್ಲಿ ಟೀಲ್‌ನ ಹೆಸರು ಬಂದಾಗಲೆಲ್ಲ ಎಡಗೈಯಿಂದ ಹಾಸಿಗೆಯನ್ನು ಗುದ್ದುತ್ತಿದ್ದನಂತೆ. ಐಲಿ ಅದನ್ನು ನೋಡಿದಳು. ಗುದ್ದುವುದು ಯಾಕೆಂದು ಅರ್ಥವಾಗಲು ಅವಳಿಗೆ ಎರಡು ವಾರ ಹಿಡಿಯಿತು. ಗಂಡನಿಗೆ ಇಷ್ಟವಿಲ್ಲದ್ದನ್ನು ಯಾರೋ ಅವನಿಂದ ಮಾಡಿಸಿದ್ದಾರೆ ಎಂದು ಗೊತ್ತಾಯಿತು, ಆದರೆ ಸಾಕ್ಷಿ ಎಲ್ಲಿದೆ? ಕೋಣೆಯಲ್ಲಿದ್ದವರು ಇಬ್ಬರು. ಒಬ್ಬನಿಗೆ ಮಾತಿಲ್ಲ, ಇನ್ನೊಬ್ಬ ರೋಲಾಂಡ್.

ಮಣ್ಣು ಮಾಡಿದ ಮರುವಾರ, ಅಂಗಡಿಯ ಏಪ್ರನ್ನನ್ನೂ ಬಿಚ್ಚದೆ ಬಂದು ಆರ್ವೋ ಕೂರುತ್ತಿದ್ದ ಕುರ್ಚಿಯಲ್ಲಿ ಕೂತಳು.

"ಅವರ ತಂಡ ಇನ್ಮೇಲೆ ನಾನು ನೋಡ್ಕೋತೀನಿ."

"ಬಾ ಬಾ ಐಲಿ" ಎಂದ ರೋಲಾಂಡ್. "ಕಷ್ಟ ಆದ್ರೆ ಕೇಳು, ಹೇಳಿಕೊಡ್ತೀನಿ."

ಅವಳು ಕೇಳಿದಳು. ಒಂದೂವರೆ ವರ್ಷ ಬರೀ ಕೇಳಿದಳು. ಸಂಬಳದ ಮಿತಿ ಅಂದರೇನು, ಗಾಯದ ಪಟ್ಟಿ ಅಂದರೇನು ಎಂದು ಕೇಳಿದಳು. ರೋಲಾಂಡ್ ಮಾಸ್ತರಿಕೆಯ ಹುರುಪಿನಲ್ಲಿ ಎಲ್ಲ ಬಿಡಿಸಿ ಹೇಳಿದ. ಗಾಯದ ಪಟ್ಟಿಯಲ್ಲಿ ಇರುವವನ ಸಂಬಳ ಲೆಕ್ಕಕ್ಕಿಲ್ಲ. ಅಷ್ಟೇ ಅಲ್ಲ, ಅದೇ ಸಂಬಳದ ಇನ್ನೊಬ್ಬನನ್ನು ಮಿತಿಯ ಮೇಲೆ ಇಟ್ಟುಕೊಳ್ಳಬಹುದು. ಗಾಯಗೊಂಡವನು ಮತ್ತೆ ಆಟಕ್ಕಿಳಿದರೆ ಅಂದು ಮಧ್ಯಾಹ್ನ ಹನ್ನೆರಡರೊಳಗೆ ತಂಡ ಮಿತಿಯೊಳಗೆ ಬರಬೇಕು. ಬರದಿದ್ದರೆ ಅಂಕಗಳಲ್ಲಿ ಕಟ್ಟಕಡೆಯ ಸ್ಥಾನದಲ್ಲಿ ಇರುವವರು, ಮಿತಿಗೆ ಇಳಿಯುವ ತನಕ, ಆ ತಂಡದಿಂದ ಬೇಕಾದವರನ್ನು ಎತ್ತಿಕೊಳ್ಳಬಹುದು. ಮಾರ್ಚ್ ಮೊದಲ ವಾರದ ಗಡುವು ಮುಗಿದ ಮೇಲೆ ಆಟಗಾರರನ್ನು ಬಿಡುವುದಾಗಲಿ ಬದಲಿಸುವುದಾಗಲಿ ಇಲ್ಲ. ಎಂಟು ಜನರೂ ಕೈ ಎತ್ತಿ ಒಪ್ಪಿದರೆ ಮಾತ್ರ ಉಂಟು.

ಇಷ್ಟೆಲ್ಲ ಕಲಿತರೂ ಹಾಲೋರನ್ ಬದಲಿಗೆ ಅವಳು ಯಾರನ್ನೂ ತರಲಿಲ್ಲ. ತಂಡ ಎರಡು ಋತುವೂ ಕೊನೆಯಲ್ಲೇ ಬಿದ್ದಿತ್ತು. ಅವಳಿಗೆ ಬುದ್ಧಿ ಸಾಲದು ಎಂದುಕೊಂಡೆವು.

ಈ ಜನವರಿಯಲ್ಲಿ ಹಾಲೋರನ್ ತಾಯಿಯ ಮನೆಗೆ ಬಂದು ಉಳಿದ. ದಿನಸಿ ಅಂಗಡಿಯಲ್ಲಿ ಅವನು ಕುಂಟುವುದನ್ನು ನಾವೆಲ್ಲ ನೋಡಿದೆವು. ಇನ್ನು ಅವನ ಆಟ ಮುಗಿಯಿತು ಎಂದು ಮೇಜಿನ ಸುತ್ತ ತೀರ್ಪಾಯಿತು. ಬೆಳಿಗ್ಗೆ ಅರೀನಾ ಬಾಗಿಲು ತೆರೆಯುವ ಮೊದಲು ಅವನು ಒಬ್ಬನೇ ಐಸ್ ಮೇಲೆ ಇಳಿಯುತ್ತಿದ್ದುದು ನಮಗೆ ಗೊತ್ತಿರಲಿಲ್ಲ. ಅವನ ಸ್ಕೇಟುಗಳಿಗೆ ಸಾಣೆ ಹಿಡಿಯುತ್ತಿದ್ದವಳಿಗೆ ಗೊತ್ತಿತ್ತು. ಮೊದಲ ವಾರ ಬಲ ಸ್ಕೇಟಿನ ಒಳ ಅಂಚು ಹೊಸದರಂತೆಯೇ ಇತ್ತು, ಎಡದ್ದು ಮಾತ್ರ ಸವೆದಿತ್ತು. ಅಂದರೆ ಬಲಗಾಲಿಂದ ಒತ್ತುತ್ತಿಲ್ಲ. ಮೂರನೇ ವಾರ ಬಲದ್ದೂ ಸವೆಯತೊಡಗಿತು. ಐದನೇ ವಾರ ಎರಡೂ ಒಂದೇ ಸಮ. ಹಾಕಿಯವರ ಮೊಣಕಾಲು ಹಾಗೆಯೇ, ಬೂಟಿನಲ್ಲಿ ಕುಂಟುತ್ತದೆ, ಐಸ್ ಮೇಲೆ ನೋವು ಮರೆಯುತ್ತದೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ಅವಳು ತುಟಿ ಬಿಚ್ಚಲಿಲ್ಲ.

ಫೆಬ್ರವರಿ ಕೊನೆಯ ಶನಿವಾರ ಅವಳು ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡನ್ನು ಮನೆಯಿಂದ ಮಾಡಿ ತಂದಳು. ದೊಡ್ಡ ತುಂಡನ್ನು ರೋಲಾಂಡ್‌ಗೇ ಕೊಟ್ಟಳು. ರೋಲಾಂಡ್ ಎರಡನೇ ಸ್ಥಾನದಲ್ಲಿದ್ದ, ಒಬ್ಬ ಒಳ್ಳೆಯ ಗೋಲಿ, ಅಂದರೆ ಗೋಲ್‌ಕೀಪರ್, ಸಿಕ್ಕರೆ ಎಂಟನೇ ಡಬ್ಬಿ ಖಾತ್ರಿ. ಆದರೆ ಅವನ ಮಿತಿಯಲ್ಲಿ ಕೂದಲೆಳೆಯಷ್ಟೂ ಜಾಗ ಇರಲಿಲ್ಲ.

"ಐಲಿ, ಆ ಹಾಲೋರನ್ ನಿನ್ನ ಹತ್ರ ಸುಮ್ನೆ ಬಿದ್ದಿದ್ದಾನಲ್ಲ, ನಂಗೆ ಕೊಟ್ಬಿಡು" ಎಂದ.

"ಅವ್ರು ಕೊನೇದಾಗಿ ತಗೊಂಡಿದ್ದು ಅವನ್ನೇ. ಹೇಗ್ ಕೊಡ್ಲಿ?"

"ಅವನಿನ್ನು ಆಡಲ್ಲ ಕಣೇ. ಬೇಕಾದ್ರೆ ಮುಂದಿನ ವರ್ಷ ಆಟಗಾರರನ್ನ ಹಂಚ್ಕೊಳ್ಳೋವಾಗ ನನ್ನ ಮೂರನೇ ಆಯ್ಕೆ ನೀನೇ ತಗೋ." ಆಮೇಲೆ ಏನೋ ಹೊಳೆದಂತೆ ಕೇಳಿದ: "ಕಾಲಿನ ವಿಷಯ ಹೇಳೋಳು ನೀನು, ಅವನನ್ನೂ ನೋಡಿರ್ತೀಯ. ಮೊಣಕಾಲು ಹೇಗಿದೆ?"

"ಕುಂಟ್ತಾನೆ, ನೀನೂ ನೋಡಿದ್ದೀಯಲ್ಲ" ಎಂದಳು ಐಲಿ.

ಅದು ನಿಜವೇ. ರೋಲಾಂಡ್ ಕೈ ಚಾಚಿದ. ಅವಳು ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದಳು, ಆಮೇಲೆ ಕುಲುಕಿದಳು. ಅದೇ ದಿನ ರೋಲಾಂಡ್ ಅರವತ್ತು ಲಕ್ಷದ ಗೋಲಿಯೊಬ್ಬನನ್ನು ಇನ್ನೊಬ್ಬ ಸದಸ್ಯ ಕ್ಲಿಫ್‌ನಿಂದ ತಂದ. ಐಲಿ ಎದ್ದು ಹೋದ ಮೇಲೆ ಕ್ಲಿಫ್ ಹೇಳಿದ, "ಹೆಂಡ್ತೀನೂ ಆರ್ವೋ ಮಾಡ್ಕೊಂಡ್ಲು ಬಿಡ್ರಪ್ಪ." ಎಲ್ಲರೂ ನಕ್ಕೆವು. ಮರೆತ ಕೈಗವಸಿಗೆಂದು ಅವಳು ವಾಪಸ್ಸು ಬಂದು ಬಾಗಿಲಲ್ಲೇ ನಿಂತಿದ್ದಳು. ಏನೂ ಕೇಳಿಸದವಳಂತೆ ಕೈಗವಸು ತೆಗೆದುಕೊಂಡು ಹೋದಳು.

ಮಾರ್ಚ್ ಗಡುವು ದಾಟಿತು. ತಿಂಗಳ ಕೊನೆಯ ಶನಿವಾರ ಹನ್ನೊಂದೂವರೆ ಗಂಟೆಗೆ ಕ್ಯಾಂಟೀನಿನ ರೇಡಿಯೋ ಸುದ್ದಿ ಕೊಟ್ಟಿತು: ಎರಡು ವರ್ಷದ ನಂತರ ಗ್ರೆಗ್ ಹಾಲೋರನ್ ಇಂದು ಮಧ್ಯಾಹ್ನದ ಪಂದ್ಯದಲ್ಲಿ ಆಡುತ್ತಾನೆ.

ಊರಿನ ಹುಡುಗ ಮರಳಿ ಬಂದನೆಂದು ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ನಮ್ಮ ಮೇಜಿನಲ್ಲಿ ರೋಲಾಂಡ್‌ನ ಮುಖ ಸುಣ್ಣದ ಗೋಡೆ. ಹಾಲೋರನ್‌ನ ಅರವತ್ತು, ಗೋಲಿಯ ಅರವತ್ತು, ಒಂದು ಕೋಟಿ ಇಪ್ಪತ್ತು ಲಕ್ಷ ಮಿತಿ ಮೀರಿದೆ. ಕಟ್ಟಕಡೆಯ ಸ್ಥಾನದಲ್ಲಿ ಐಲಿ.

"ಇದು ಆಕಸ್ಮಿಕ ಕಣ್ರಯ್ಯ" ಎಂದ ರೋಲಾಂಡ್. "ಹಾಲೋರನ್ ಐಲಿಗೇ ವಾಪಸ್ ಹೋಗ್ಲಿ, ಗೋಲಿ ಕ್ಲಿಫ್‌ಗೆ ಹೋಗ್ಲಿ. ಎಲ್ಲಾ ಮೊದ್ಲಿನ ಹಾಗೆ. ಕೈ ಎತ್ತಿ."

ಕ್ಲಿಫ್ ಎತ್ತಿದ. ನಾನೂ ಎತ್ತಿದೆ. ಒಬ್ಬೊಬ್ಬರಾಗಿ ಏಳು ಕೈ ಮೇಲೆದ್ದವು. ಐಲಿಯ ಎರಡೂ ಕೈ ಏಪ್ರನ್ ಜೇಬಿನಲ್ಲಿದ್ದವು.

"ಆಸ್ಪತ್ರೇಲಿ ಏನಾಯ್ತು ಹೇಳು" ಎಂದಳು.

"ಯಾವಾಗ?"

"ರೋಲಾಂಡ್, ಹನ್ನೆರಡಕ್ಕೆ ಹದಿನೈದು ನಿಮಿಷ ಇದೆ. ಮಾಸ್ತರ ಅಲ್ವಾ ನೀನು, ಗಡಿಯಾರ ನೋಡಕ್ ಬರತ್ತಲ್ಲ."

ರೋಲಾಂಡ್ ಮೊದಲು ನಕ್ಕ, ಆಮೇಲೆ ರೇಗಿದ, ಇದು ಬರೀ ಆಟ ಎಂದ. ಬರೀ ಆಟ ಎಂದು ನಮ್ಮ ಮೇಜಿನಲ್ಲಿ ಯಾರಾದರೂ ಅಂದದ್ದು ಅದೇ ಮೊದಲು. ಅವಳು ಕಾಫಿ ಕುಡಿಯುತ್ತಾ ಕೂತಳು. ಹನ್ನೆರಡಕ್ಕೆ ಐದು ನಿಮಿಷ ಇದ್ದಾಗ ಅವನು ತಲೆ ತಗ್ಗಿಸಿ, ಮೇಜಿಗೆ ಹೇಳುವವನಂತೆ ಹೇಳಿದ.

"ಅವನಿಗೆ ಮಾತಾಡಕ್ ಆಗ್ತಿರ್ಲಿಲ್ಲ. ಟೀಲ್‌ನ ಕೊಡ್ತೀಯಾ ಅಂದೆ. ತಲೆ ಅಲ್ಲಾಡಿಸ್ದ."

"ಹೇಗೆ?"

"...ಬೇಡ ಅನ್ನೋ ಥರ. ಬಲಗೈ ಹೊದಿಕೆ ಮೇಲೆ ಬಿದ್ದಿತ್ತು. ನಾನೇ ಎತ್ತಿ ಕುಲುಕ್ದೆ. ಅವನು ಕಣ್ಣು ಬಿಟ್ಕೊಂಡು ನೋಡ್ತಾನೇ ಇದ್ದ."

ಆಗಷ್ಟೇ ಅವನಿಗಾಗಿ ಎತ್ತಿದ್ದ ಕೈಗಳನ್ನು ಎಲ್ಲಿ ಇಡಬೇಕೋ ನಮಗೆ ತಿಳಿಯಲಿಲ್ಲ. ಲಕ್ವ ಹೊಡೆದವನ ಸತ್ತ ಕೈಯನ್ನು ಎತ್ತಿ ಕುಲುಕಿದವನ ಜೊತೆ ಎರಡು ವರ್ಷ ಕೂತು ನಕ್ಕಿದ್ದೆ. ನಗಲು ಮಾತನ್ನೂ ನಾನೇ ಒದಗಿಸಿದ್ದೆ.

"ಹೇಳಿದ್ನಲ್ಲ ಐಲಿ, ಕೈ ಎತ್ತು" ಎಂದ ರೋಲಾಂಡ್. ಕಣ್ಣಲ್ಲಿ ನೀರಿತ್ತು. ಡಬ್ಬಿಗಾಗಿ ಬಂದ ನೀರೋ ಮಾನಕ್ಕಾಗಿಯೋ ನನಗೆ ಗೊತ್ತಿಲ್ಲ, ತಿಳಿಯುವ ಆಸೆಯೂ ಇಲ್ಲ.

ಐಲಿ ಅವನನ್ನೇ ನೋಡುತ್ತಾ ಕೂತಳು. ಗಣಿಯ ಹನ್ನೆರಡು ಗಂಟೆಯ ಸೈರನ್ ಊದಿತು. ಅದು ನಿಲ್ಲುವ ತನಕ ಕಾದಳು.

"ಟೀಲ್ ನಂಗೆ" ಎಂದಳು. "ಆಮೇಲೆ ಆ ಗೋಲಿ."

"ನಿನ್ನ ಹತ್ರ ಗೋಲಿ ಇದ್ದಾನಲ್ಲ ಐಲಿ" ಎಂದ ಕ್ಲಿಫ್, ಮೆತ್ತಗೆ.

"ನಂಗೆ ಬೇಡ. ಅವನಿಗೆ ಇರಬಾರ್ದು, ಅದಕ್ಕೆ."

ರೋಲಾಂಡ್ ಕೋಟು ಹಾಕಿಕೊಂಡು ಹೋದ. ಮತ್ತೆ ಆ ಮೇಜಿಗೆ ಬಂದಿಲ್ಲ. ಐಲಿ ಮುಖದಲ್ಲಿ ಸಂತೋಷ ಇತ್ತು. ಅದನ್ನು ಮುಚ್ಚಿಡಲು ಅವಳು ಒಂದಿಷ್ಟೂ ಪ್ರಯತ್ನಿಸಲಿಲ್ಲ. ಮರುವಾರದಿಂದ ‘ಆರ್ವೋ ಮಾಡ್ಕೊಂಡ’ ಎನ್ನುವ ಮಾತು ಊರಿನಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಆದರೆ ಅಂದು ಅವಳು ಎದ್ದು ನಿಂತಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ನನ್ನ ಕುರ್ಚಿಯ ಪಕ್ಕ ಬಂದು ನಿಂತಳು.

"ಆ ಮಾತು ಮೊದ್ಲು ಅಂದಿದ್ದು ನೀನಂತೆ, ಮರ್ವ್."

"ತಮಾಷೆಗೆ ಅಂದಿದ್ದೆ ಐಲಿ. ತಪ್ಪಾಯ್ತು."

"ಅವ್ರಿಗೂ ಕೇಳಿಸ್ತು. ನೋಡಕ್ ಬಂದಿದ್ದ ಕ್ಲಿಫ್ ಮಂಚದ ಪಕ್ಕಾನೇ ಅಂದ, ನಗಿಸೋಣ ಅಂತ."

ಕ್ಲಿಫ್ ತನ್ನ ಕಪ್ಪಿನೊಳಗೆ ನೋಡುತ್ತಿದ್ದ.

"ನೀವಿಬ್ರೂ ಇನ್ಮೇಲೆ ಸ್ಕೇಟ್ ಬೇರೆ ಕಡೆ ಕೊಡಿ" ಎಂದು ಹೇಳಿ ಅವಳು ತನ್ನ ಕೋಣೆಗೆ ಹೋದಳು.

ಬೇರೆ ಕಡೆ ಎಂದರೆ ಎಂಬತ್ತು ಕಿಲೋಮೀಟರ್. ಈ ನವೆಂಬರಿನಲ್ಲಿ ಅವಳ ಸಿಟ್ಟು ಇಳಿದಿರಬಹುದು ಎಂದುಕೊಂಡು ಸ್ಕೇಟ್ ಹಿಡಿದು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ಐಲಿ ನನ್ನ ಹೆಗಲ ಮೇಲಿಂದ ಕೈ ಚಾಚಿ, ಹಿಂದೆ ನಿಂತವಳ ಸ್ಕೇಟ್ ತೆಗೆದುಕೊಂಡಳು. ಆಮೇಲೆ ಅವಳ ಹಿಂದಿನವನದು. ಸಾಲು ಪೂರ್ತಿ ಮುಗಿಯುವ ತನಕ ನಾನು ಅಲ್ಲೇ ನಿಂತಿದ್ದೆ. ಕೊನೆಗೆ ಅವಳು ಯಂತ್ರ ನಿಲ್ಲಿಸಿ, ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿದಳು.