ಟೀಕಿ ಬಿಗಿಯಾದರೆ ಪತ್ತಾರನ ಹತ್ತಿರ ಬರಬೇಡಿ

"ಮೈ ತುಂಬ್ಯಾಳ್ರೀ ನಮ್ಮಾಕಿ! ಟೀಕಿ ಬಿಗಿ ಆಗೇತಿ, ಹಿಂದ ಒಂದೆರಡು ಕೊಂಡಿ ಕೂಡಿಸಿ ಕೊಡ್ರಿ."

ಎಮ್ಮಿಗನೂರಿನ ರೈತ. ಕಂಪ್ಲಿಯ ನನ್ನ ಚಿನ್ನದ ಅಂಗಡಿಯಲ್ಲಿ ಹೆಂಡತಿಯ ಕುತ್ತಿಗೆಗೆ ಅಂಟಿ ಕೂತಿದ್ದ ಟೀಕಿ ಸರ ಬಿಚ್ಚಿಸಿ ಗಾಜಿನ ಮೇಲಿಟ್ಟ. ಮುಖದಲ್ಲಿ ಹೆಮ್ಮೆ. (ಹೆಂಡತಿ ದಪ್ಪಗಾದರೆ ಗಂಡ ಚೆನ್ನಾಗಿ ಸಾಕಿದ್ದಾನೆ ಅಂತಲ್ಲವೇ ನಮ್ಮ ಲೆಕ್ಕ!)

ಆಕೆಯ ಕೈ ನೋಡಿದೆ. ಬಳೆಗಳು ಸಡಿಲವಾಗೇ ಇದ್ದವು. ಮೈ ತುಂಬಿದ್ದರೆ ಕುತ್ತಿಗೆ ಒಂದೇ ಯಾಕೆ ತುಂಬಬೇಕು? ಅಷ್ಟರಲ್ಲಿ ಆಕೆ ಉಗುಳು ನುಂಗಿದಳು. ಬಲಗಡೆ ಒಂದು ಗಂಟು ಮೇಲೆದ್ದು ಇಳಿಯಿತು.

ಸಂಡೂರಿನಲ್ಲಿರುವ ನನ್ನ ತಂಗಿಗೂ ಇಂಥದ್ದೇ ಗಂಟಿತ್ತು. ಥೈರಾಯ್ಡ್ ಕ್ಯಾನ್ಸರ್. ಆಪರೇಷನ್ ಆಯಿತು, ದಿನಾ ಗುಳಿಗೆ ನುಂಗುತ್ತಾಳೆ, ನನಗೆ ಬೈಯುವಷ್ಟು ಗಟ್ಟಿಯಾಗಿದ್ದಾಳೆ.

"ಕೊಂಡಿ ಆಮ್ಯಾಲ. ಮೊದ್ಲು ಸ್ಕ್ಯಾನ್ ಮಾಡಿಸ್ರಿ, ಕ್ಯಾನ್ಸರ್ ಇದ್ರೂ ಇರಬೌದು" ಅಂದೆ.

ಅಂಗಡಿ ತುಂಬ ಮದುವೆ ಗಿರಾಕಿಗಳು. ಎಲ್ಲರೂ ತಿರುಗಿದರು. ಆಕೆ ಸೆರಗು ಎಳೆದುಕೊಂಡಳು.

"ಏನ್ ಮಾತಾಡ್ತೀರಿ ಪತ್ತಾರ್ರ? ನೀವ್ಯಾವಾಗ ಡಾಕ್ಟ್ರಾದ್ರಿ? ಅವೆಲ್ಲಾ ಬ್ಯಾರೆ ಕಡಿ ಮಂದಿ ರೋಗ. ನಮ್ಮ ಕಡಿ ಎಲ್ಲೈತಿ?"

ಡಾಕ್ಟರ್ ಅಲ್ಲ, ನಿಜ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕುಲುಮೆ ಮುಂದೆ ಕೂತವನು. ಆದರೆ ತಂಗಿಯ ಆಪರೇಷನ್ ಹೊತ್ತಿಗೆ ನಾನೂ ಡಾಕ್ಟರಿಗೆ ಇದನ್ನೇ ಕೇಳಿದ್ದೆ. ಅವರು ನಕ್ಕಿದ್ದರು: "ಕೇರಳದ ಕಡಿ ಭಾಳ ಸಿಗ್ತೈತಿ. ಅಲ್ಲಿ ಸ್ಕ್ಯಾನ್ ಜಾಸ್ತಿ, ಏನೂ ಮಾಡದ ಸಣ್ಣ ಗಂಟೂ ಲೆಕ್ಕಕ್ಕ ಬರ್ತಾವ. ಇಲ್ಲಿ ದೊಡ್ಡವೂ ಬರಂಗಿಲ್ಲ."

ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರೇ ಅಲ್ಲವಂತೆ. ಆಗಿದ್ದರೂ ಬೇಗ ಸಿಕ್ಕರೆ ಹೆಚ್ಚಿನವರು ಬದುಕುತ್ತಾರಂತೆ. ಹಾಗಾದರೆ ನಮ್ಮ ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ರೋಗ ಕಡಿಮೆಯೋ, ನೋಡಿಸಿಕೊಳ್ಳುವವರು ಕಡಿಮೆಯೋ?

ಇದನ್ನೆಲ್ಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗಂಡ ಸರ ಎತ್ತಿಕೊಂಡು ಎದುರಿನ ಅಂಗಡಿ ಮೆಟ್ಟಿಲು ಹತ್ತಿದ್ದ. (ನನ್ನ ಕೈಕೆಲಸ ಬಿಟ್ಟು ಗಿರಾಕಿ ಅಲ್ಲಿಗೆ ಹೋದದ್ದು ಇದೇ ಮೊದಲು.) ಆಕೆ ಮಾತ್ರ ನಿಂತಳು.

"ಅಣ್ಣಾರ, ಆ ಸ್ಕ್ಯಾನು ನೋಯ್ತೈತೇನ್ರಿ?"

"ಒಂಚೂರೂ ನೋಯಂಗಿಲ್ಲವ್ವ. ಹೊಸಪೇಟ್ಯಾಗ ದೊಡ್ಡ ದವಾಖಾನಿಗೆ ಹೋಗಿ..."

ಎದುರಿನಿಂದ ಕೂಗು ಬಂತು: "ಬಾರೇ ಜಲ್ದಿ, ಅಳತಿ ಕೊಡಬೇಕು!"

ಹೋದಳು. ಅವತ್ತಿನಿಂದ ಕೆಲಸಕ್ಕೆ ಕೈ ಓಡುತ್ತಿಲ್ಲ. ಎಮ್ಮಿಗನೂರಿನವರು ಯಾರೇ ಬಂದರೂ ವಿಚಾರಿಸೋಣವೆನಿಸುತ್ತದೆ. ಹೆಸರೇ ಕೇಳಿಕೊಂಡಿಲ್ಲ, ಯಾರ ಮನೆಯಾಕೆ ಅಂತ ಕೇಳಲಿ?

ಎದುರಿನವನು ಅರ್ಧ ಗಂಟೆಯಲ್ಲೇ ಸರ ಸಡಿಲ ಮಾಡಿಕೊಟ್ಟ. ಅದೂ ಬಿಗಿಯಾದರೆ?