ನನ್ನ ಮೊಣಕಾಲು, ಅಕ್ಕನ ಮೊಣಕಾಲು

ನನ್ನ ಬಲ ಮೊಣಕಾಲು ಮೊದಲ ಸಲ ಕಟಕ್ಕೆಂದದ್ದು ವಜ್ರಾಸನದಿಂದ ಏಳುವಾಗ. ಕೂಡ್ಲಿಗಿಯ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ನಾನು ದಿನಾ ಬೆಳಿಗ್ಗೆ ಯೋಗ ಹೇಳಿಕೊಡುತ್ತೇನೆ, ಹತ್ತು ವರ್ಷದ ಮೇಲಾಯಿತು. ಆವತ್ತು ಎದುರಿಗೆ ಇಪ್ಪತ್ತು ಮಂದಿ ಕಣ್ಣು ಮುಚ್ಚಿ ಕೂತಿದ್ದರು. ನಾನು ಗೋಡೆ ಹಿಡಿದು ಎದ್ದೆ. ಸದ್ಯ ಯಾರೂ ನೋಡಲಿಲ್ಲ ಎಂದು ಸಮಾಧಾನವಾಯಿತು. ಆ ಸಮಾಧಾನ ನೋವಿಗಿಂತ ಮೊದಲು ಬಂತು. ನನ್ನ ಗುಣ ಎಂಥದೆಂದು ಇಷ್ಟರಲ್ಲೇ ತಿಳಿಯಬಹುದು.

ನೋವು ಅಂತ ಯಾರಾದರೂ ಬಂದರೆ ನಾನು ಹೇಳುತ್ತಿದ್ದ ಮಾತು ಒಂದೇ: "ನೋವು ಹೊರಗ ಬರಾಕತ್ತೈತಿ ಅಂದ್ರ ಹೋಗಾಕತ್ತೈತಿ ಅಂತ ತಿಳ್ಕೋರಿ." ಹರಪನಹಳ್ಳಿಯ ಒಂದು ಶಿಬಿರದಲ್ಲಿ ನನಗೆ ಯೋಗ ಕಲಿಸಿದ ಗುರುಗಳು ಹೇಳಿದ್ದು ಅದು. ಅವರಿಗೆ ಇನ್ಯಾರೋ ಹೇಳಿರಬೇಕು. ಯಾರೂ ಅದನ್ನು ಒರೆಗೆ ಹಚ್ಚಿ ನೋಡಿರಲಿಲ್ಲ. ಬಾಯಿಂದ ಬಾಯಿಗೆ ಬಂದದ್ದನ್ನು ನಾನೂ ದಾಟಿಸಿದೆ, ಅದೂ ಬಲು ಗತ್ತಿನಿಂದ.

ಈ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ನನ್ನ ಅಕ್ಕ. ಅವಳು ಹೂವಿನಹಡಗಲಿಗೆ ಮದುವೆಯಾಗಿ ಹೋದಂದಿನಿಂದ ಮಲ್ಲಿಗೆ ಕಟ್ಟುತ್ತಾಳೆ. ಜಗುಲಿಯ ಮೇಲೆ ಒಂದು ಕಾಲು ಮಡಚಿ, ಇನ್ನೊಂದು ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಕೂತರೆ ಮುಗಿಯಿತು. ಮೊಗ್ಗು ಬಿರಿಯುವುದರೊಳಗೆ ಮಾಲೆಯಾಗಬೇಕು, ಮಾಲೆ ಬಸ್ಸಿಗೆ ಸೇರಬೇಕು. ನಡುವೆ ಏಳುವ ಮಾತಿಲ್ಲ. ಹೀಗೆ ಕೂತು ಕೂತು ಐವತ್ತು ದಾಟುವುದರೊಳಗೆ ಅವಳ ಎರಡೂ ಮೊಣಕಾಲು ಊದಿಕೊಂಡವು.

ದಾವಣಗೆರೆಯ ಡಾಕ್ಟರೊಬ್ಬರು ನೋಡಿ, ನೆಲದ ಮೇಲೆ ಕೂಡುವುದನ್ನು ಬಿಡಿ, ಎತ್ತರದಲ್ಲಿ ಕೂತು ಕೆಲಸ ಮಾಡಿ ಎಂದಿದ್ದರು. ಮಾವ ಅಂದರೆ ಅಕ್ಕನ ಗಂಡ ತಾನೇ ನಿಂತು ಜಗುಲಿಯ ತುದಿಗೆ ಒಂದು ಹಲಗೆ ಹೊಡೆಸಿದ. ಅಕ್ಕ ಅದರ ಮೇಲೆ ಕಾಲು ಇಳಿಬಿಟ್ಟು ಕೂತು ನಾಲ್ಕು ದಿನ ಹೂ ಕಟ್ಟಿದಳು. ಜೊತೆಗೆ ಕಟ್ಟುವ ಹೆಂಗಸರು ಬಿಡುತ್ತಾರೆಯೇ? "ದೇವರಿಗೆ ಹೋಗೋ ಹೂವು, ಸಾಹೇಬರಂಗ ಕಾಲ್ ಜೋತ್‌ಬಿಟ್ಟು ಕಟ್ಟತಾರೇನಬೇ?" ಎಂದು ಆಡಿಕೊಂಡರು. ಕಾಲ್ಬೆರಳಿಗೆ ದಾರ ಸುತ್ತಿ ಕಟ್ಟುವಾಗ ಇಲ್ಲದ ಮೈಲಿಗೆ ಕಾಲು ಇಳಿಬಿಟ್ಟಾಗ ಹೇಗೆ ಬಂತೋ! ಅಕ್ಕ ಹೆದರಿದಳು. ನಮ್ಮ ಮನೆಯಲ್ಲಿ ನಾಲ್ಕು ಅಕ್ಷರ ಕಲಿತವಳು ನಾನೊಬ್ಬಳೇ. ಫೋನು ಮಾಡಿ ನನ್ನನ್ನು ಕೇಳಿದಳು.

ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು: ಡಾಕ್ಟರು ಹೇಳಿದ ಹಾಗೆ ಮಾಡು. ಬದಲಿಗೆ ಹೀಗೆಂದೆ: "ಡಾಕ್ಟರು ಹಂಗ ಅಂತಾರ. ನೆಲ ಬಿಟ್ರ ಕಾಲು ಮರಗಟ್ಟತಾವ. ಎರಡೂ ಹೊತ್ತು ಉಂಡಮ್ಯಾಲೆ ವಜ್ರಾಸನದಾಗ ಕೂಡು. ನಾ ಅದೀನಲ್ಲ?"

ಹಲಗೆ ಕಿತ್ತು ಒಲೆಗೆ ಹೋಯಿತು. ಅಕ್ಕ ವಾರಕ್ಕೊಮ್ಮೆ ಫೋನಿನಲ್ಲಿ ಲೆಕ್ಕ ಒಪ್ಪಿಸುತ್ತಿದ್ದಳು. ಇವತ್ತು ನೂರು ಎಣಿಸುವ ತನಕ ಕೂತೆ, ಇವತ್ತು ಇನ್ನೂರು. ನೋವು ಜಾಸ್ತಿಯಾಗಿದೆ ಎಂದರೆ ನನ್ನ ಹಳೆಯ ಪಾಠ ಸಿದ್ಧವಿತ್ತು. ಹೊರಗೆ ಬರುತ್ತಿದೆ ಅಂದರೆ ಹೋಗುತ್ತಿದೆ.

ನನ್ನ ಮೊಣಕಾಲು ಕಟಕ್ಕೆಂದದ್ದು ಇದಾಗಿ ಒಂದು ವರ್ಷಕ್ಕೆ. ಮೊದಮೊದಲು ಮುಚ್ಚಿಟ್ಟೆ. ಬಿಸಿ ಮಾಡಿದ ಎಕ್ಕದ ಎಲೆಗೆ ಔಡಲೆಣ್ಣೆ ಸವರಿ ಮೊಣಕಾಲಿಗೆ ಕಟ್ಟಿಕೊಂಡು, ಮೇಲೆ ಪ್ಯಾಂಟು ಹಾಕಿಕೊಂಡು ಪಾಠಕ್ಕೆ ಹೋಗುತ್ತಿದ್ದೆ. "ಏನ್ ಮೇಡಂ, ಔಡಲೆಣ್ಣಿ ವಾಸನಿ ಬರಾಕತ್ತೈತಿ" ಎಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಕೇಳಿದಳು. "ತಲಿಗೆ ಹಚ್ಚೀನ್ರಿ, ತಂಪು" ಎಂದೆ. ಇಪ್ಪತ್ತು ಮಂದಿಗೆ ಸತ್ಯ, ಅಹಿಂಸೆ ಎಂದು ಪಾಠ ಹೇಳುವ ಬಾಯಿ ಅದು.

ಕೊನೆಗೆ ತಡೆಯಲಾಗದೆ ಬಳ್ಳಾರಿಗೆ ಹೋದೆ. ನಮ್ಮ ಕಡೆಯವರು ಹೆಚ್ಚಾಗಿ ದಾವಣಗೆರೆಗೆ ಹೋಗುತ್ತಾರೆ. ಅಲ್ಲಿ ಗುರುತಿನವರು ಸಿಕ್ಕಾರು ಎಂಬ ಅಂಜಿಕೆ. ಡಾಕ್ಟರು ಎಕ್ಸ್‌ರೇ ನೋಡಿ, ಏನು ಕೆಲಸ ಮಾಡ್ತೀರಿ ಎಂದರು. ಟೀಚರ್ ಎಂದೆ. ಶಾಲೆಯ ಟೀಚರ್ ಎಂದುಕೊಂಡರು. ನಾನೂ ತಿದ್ದಲಿಲ್ಲ.

"ನೆಲದ ಮೇಲೆ ಕೂಡಬೇಡಿ. ಯೋಗ ಗೀಗ ಮಾಡ್ತಿದ್ರೆ ವಜ್ರಾಸನ, ಪದ್ಮಾಸನ ಎರಡೂ ಬಂದ್. ಈಗ ಬಿಟ್ರೆ ಉಳಿಯುತ್ತೆ. ಜಗ್ಗಾಡಿದ್ರೆ ಹೋಗುತ್ತೆ."

ಬಿಟ್ಟೆ. ಮರುದಿನದಿಂದಲೇ ಬಿಟ್ಟೆ. ಪಾಠದಲ್ಲಿ ನಾನು ಕೂಡುವುದನ್ನು ನಿಲ್ಲಿಸಿ ಸಾಲುಗಳ ನಡುವೆ ಓಡಾಡತೊಡಗಿದೆ. ಆಸನ ತೋರಿಸುವ ಕೆಲಸವನ್ನು ಬ್ಯಾಂಕಿನ ಹೆಣ್ಣುಮಗಳಿಗೆ ವಹಿಸಿದೆ. ಮೇಡಂ ಈಗ ಒಬ್ಬೊಬ್ಬರನ್ನೂ ನೋಡಿ ತಿದ್ದುತ್ತಾರೆ ಎಂದು ಜನ ಹೊಗಳಿದರು. ಮನೆಯಲ್ಲಿ ಕುರ್ಚಿ, ಊಟಕ್ಕೆ ಟೇಬಲ್ಲು. ಡಾಕ್ಟರು ಹೇಳಿದಂತೆ ಮಂಚದ ಮೇಲೆ ಕೂತು ಕಾಲು ನೇರ ಮಾಡಿ ತೊಡೆ ಬಿಗಿ ಹಿಡಿಯುವ ವ್ಯಾಯಾಮ. ಮೂರು ತಿಂಗಳಲ್ಲಿ ಊತ ಇಳಿಯಿತು.

ಅಕ್ಕನಿಗೆ ಮಾತ್ರ ಹೇಳಲಿಲ್ಲ.

ಯಾಕೆ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಫೋನಿನಲ್ಲಿ ಬೇಡ, ಹೋದಾಗ ಎದುರಿಗೇ ಹೇಳೋಣ ಎಂದುಕೊಂಡೆ. ಅವಳದು ಬೇರೆ ನೋವು, ನನ್ನದು ಬೇರೆ ಎಂದುಕೊಂಡೆ. ಇವೆಲ್ಲ ನೆವ. ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡರೆ ಅವಳ ಕಣ್ಣಿನಲ್ಲಿ ನಾನು ಸಣ್ಣವಳಾಗುತ್ತಿದ್ದೆ. ಹುಟ್ಟಿದಾಗಿನಿಂದ ನನ್ನನ್ನು ದೊಡ್ಡವಳೆಂದು ನೋಡಿದವಳು ಅವಳೊಬ್ಬಳೇ. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ, ನಾಚಿಕೆಗೇಡು.

ಆ ನಡುವೆ ಒಮ್ಮೆ ಹಡಗಲಿಗೆ ಹೋದೆ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಕೂಡ, ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದೆ. ಊಟವಾಯಿತು. ಅಕ್ಕ ತಾಟು ಸರಿಸಿ, ಎರಡೂ ಕೈ ನೆಲಕ್ಕೆ ಊರಿ, ತುಟಿ ಕಚ್ಚಿಕೊಂಡು ಮೊಣಕಾಲು ಮಡಚಿದಳು. ಹಿಮ್ಮಡಿಯ ಮೇಲೆ ಕೂಡುವುದರಲ್ಲಿ ಹಣೆಯ ಮೇಲೆ ಬೆವರಿನ ಹನಿಗಳು. ಮುಖ ಮಾತ್ರ ಅರಳಿತ್ತು.

"ನೋಡು, ನೀ ಹೇಳಿದ್ದು ಒಂದಿನಾನೂ ಬಿಟ್ಟಿಲ್ಲ" ಎಂದಳು.

ಎದ್ದು ಅವಳ ರಟ್ಟೆ ಹಿಡಿದು ಎಬ್ಬಿಸಬೇಕಿತ್ತು. ನಾನು ಬಾಗಿಲ ಬಳಿ ಕುರ್ಚಿಯ ಮೇಲೆ ಕೂತಿದ್ದೆ. ಬಸ್ಸಿನಲ್ಲಿ ನಿಂತು ಸೊಂಟ ಹಿಡಿದಿದೆ, ಅದಕ್ಕೇ ಕುರ್ಚಿ ಎಂದು ಬಂದ ಕೂಡಲೇ ಸುಳ್ಳು ಹೇಳಿ ಇಟ್ಟಿದ್ದೆ.

"ಚಲೋ ಮಾಡಿದಿ" ಎಂದೆ.

ಅದಾಗಿ ಎರಡು ತಿಂಗಳಿಗೆ ಮಾವನ ಫೋನು ಬಂತು. ಮಧ್ಯಾಹ್ನ ಉಂಡು ಕೂತವಳು ಏಳಲು ಹೋದಾಗ ಎಡ ಮೊಣಕಾಲು ಸಿಕ್ಕಿಕೊಂಡಿತ್ತು. ಬಲವಂತವಾಗಿ ಎದ್ದು ಪಕ್ಕಕ್ಕೆ ಬಿದ್ದಳಂತೆ. ಹೂ ಕಟ್ಟುವ ಹೆಂಗಸರೇ ನಾಲ್ಕು ಜನ ಸೇರಿ ಎತ್ತಿ ಮಂಚಕ್ಕೆ ಹಾಕಿದರು. ದಾವಣಗೆರೆಯಲ್ಲಿ ಅದೇ ಡಾಕ್ಟರು ನೋಡಿದರು. ಒಳಗಿನ ಮೆತ್ತೆ ಹರಿದಿದೆ, ಎಲುಬಿಗೆ ಎಲುಬು ತಿಕ್ಕುತ್ತಿದೆ, ಕೀಲು ಬದಲಿಸಬೇಕು, ಆದರೆ ಸಕ್ಕರೆ ಕಾಯಿಲೆಯೂ ಇದೆ, ಅದು ಹತೋಟಿಗೆ ಬರುವ ತನಕ ಚಾಕು ಹಾಕುವಂತಿಲ್ಲ ಎಂದರು. ನೆಲದ ಮೇಲೆ ಕೂಡುವುದನ್ನು ಬಿಟ್ಟಿದ್ದೀರಾ ಎಂದು ಅವರು ಕೇಳಿದಾಗ ಅಕ್ಕ ಹೂಂ ಎಂದಳಂತೆ. ನನ್ನ ಹೆಸರು ಎತ್ತಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹೋದೆ. ಅಕ್ಕ ಮಂಚದ ಮೇಲಿದ್ದಳು. ಕಾಲಿನ ಕೆಳಗೆ ಎರಡು ದಿಂಬು. ಬಚ್ಚಲಿಗೆ ಹೋಗಬೇಕಾದರೂ ಇಬ್ಬರು ಹಿಡಿಯಬೇಕು. ಹೊರಗೆ ಜಗುಲಿಯಲ್ಲಿ ಹೆಂಗಸರು ಹೂ ಕಟ್ಟುತ್ತಿದ್ದರು, ಅವಳ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ನನ್ನನ್ನು ಕಂಡು ಅವಳೇ ಅಪರಾಧಿಯ ಹಾಗೆ ಮಾತಾಡಿದಳು.

"ನಾನ ಸರಿಯಾಗಿ ಕೂತಿರಲಿಲ್ಲ ಅನಸ್ತತಿ. ಬೆನ್ನು ನೆಟ್ಟಗ ಇರ್ತಿರಲಿಲ್ಲ. ನೀ ಹೇಳಿದ್ದು ನನಗ ತಿಳೀಲಿಲ್ಲ."

ಅದನ್ನು ಕೇಳಲಾಗಲಿಲ್ಲ. ಮಾವ ಚಹಾ ತರಲು ಒಳಗೆ ಹೋಗಿದ್ದ. ನಾನು ಮಂಚದ ತುದಿಗೆ ಕೂತು ಎಲ್ಲವನ್ನೂ ಹೇಳಿದೆ. ನನ್ನ ಮೊಣಕಾಲು, ಎಕ್ಕದ ಎಲೆ, ಬಳ್ಳಾರಿ.

"ಅಕ್ಕಾ, ನಾನು ವಜ್ರಾಸನ ಬಿಟ್ಟು ಎಂಟು ತಿಂಗಳಾತು."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ನನ್ನ ಕಾಲನ್ನೇ ನೋಡುತ್ತಿದ್ದಳು.

"ಈಗ ಹೆಂಗೈತಿ ನಿಂದು?" ಎಂದಳು.

"ಆರಾಮೈತಿ."

"ಮೆಟ್ಲು ಹತ್ತಾಕ ಬರ್ತತೇನು?"

"ಬರ್ತತಿ."

ದಿಂಬಿನ ಮೇಲಿದ್ದ ತನ್ನ ಕಾಲನ್ನು ನೋಡಿಕೊಂಡಳು. ಆಮೇಲೆ, ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಳು:

"ಹಂಗಾರ, ಬಿಟ್ಟಿದ್ರ ನಂದೂ ಆರಾಮ ಆಕ್ಕಿತ್ತೇನು?"

ಇನ್ನೊಂದು ಸುಳ್ಳಿಗೆ ಬಾಯಿ ಬರಲಿಲ್ಲ.

"ಇಷ್ಟಾಗ್ತಿರಲಿಲ್ಲಕ್ಕಾ" ಎಂದೆ.

ಅವಳು ಹೌದೆಂಬಂತೆ ತಲೆಯಾಡಿಸಿದಳು. ಸೀರೆಯ ಅಂಚನ್ನು ಎಳೆದು ಊದಿದ ಮೊಣಕಾಲನ್ನು ಮುಚ್ಚಿಕೊಂಡಳು, ನಾನು ಹೊರಗಿನವಳು ಎಂಬ ಹಾಗೆ.