ಗೋರಿ ಕಿತ್ತು ಕಟ್ಟಿದ ಕಟ್ಟೆ

ಸತ್ತ ನನ್ನ ಗಂಡನಿಗೆ ಗೌರವ ಸಲ್ಲಿಸುತ್ತೇವೆಂದು ನಮ್ಮೂರಿನವರು ಬೇರೆ ಯಾರದೋ ಗೋರಿ ಕಿತ್ತರು. ಹೇಳಿದರೆ ಯಾರೂ ನಂಬುವುದಿಲ್ಲ, ಛೇ, ಹಂಗೂ ಮಾಡ್ತಾರೇನು ಅನ್ನುತ್ತಾರೆ. ಮಾಡಿದರು. ನಮ್ಮದೇ ಹೊಲದಲ್ಲಿ, ಹಾಡುಹಗಲೇ, ಹಾರೆ ಹಾಕಿ ಕಿತ್ತರು.

ನವಲಗುಂದದ ಕಡೆಯ ಎರೆಭೂಮಿಯನ್ನು ಕಂಡವರಿಗೆ ಗೊತ್ತು, ಅಲ್ಲಿ ಕಲ್ಲು ಅಂದರೆ ದೊಡ್ಡ ಮಾತು. ಎಷ್ಟು ಅಗೆದರೂ ಕರಿ ಮಣ್ಣೇ. ಒಂದು ಹೊಸ್ತಿಲು ಹಾಕಬೇಕಾದರೂ ಗುಡ್ಡದ ಸೀಮೆಯಿಂದ ಬಂಡಿಯಲ್ಲಿ ಕಲ್ಲು ಹೇರಿಕೊಂಡು ಬರಬೇಕು. ಅಂಥ ಊರಿನಲ್ಲಿ ನಮ್ಮ ಹೊಲದ ತುದಿಗೆ, ಹಳ್ಳದ ದಂಡೆಯ ಮೇಲೆ, ಚೆನ್ನಾಗಿ ಕೆತ್ತಿದ ಉದ್ದುದ್ದ ಚಪ್ಪಡಿ ಹೊದಿಸಿದ ನಾಲ್ಕು ಗೋರಿಗಳಿದ್ದವು. ಕೆಂಪು ಮಾರಿಯವರ, ಅಂದರೆ ಕೆಂಪು ಮುಖದವರ, ಗೋರಿ ಎನ್ನುತ್ತಿದ್ದರು. ನೂರು ವರ್ಷಕ್ಕೂ ಹಿಂದೆ ಈ ಸೀಮೆಯವರು ಇಂಗ್ಲಿಷರ ಮೇಲೆ ತಿರುಗಿಬಿದ್ದಾಗ, ಅವರನ್ನು ಅಡಗಿಸಲು ಬಂದ ದಂಡಿನ ಸಿಪಾಯಿಗಳಂತೆ. ನಮ್ಮವರನ್ನು ಕೊಂದವರು, ನಮ್ಮವರ ಕೈಯಲ್ಲಿ ಸತ್ತವರು. ಆದರೂ ಅವರ ಮೇಲಿನ ಕಲ್ಲನ್ನು ನಮ್ಮ ಮನೆತನದವರು ಯಾರೂ ಮುಟ್ಟಿರಲಿಲ್ಲ. ಮಾವ ಕುಂಟೆ ಹೊಡೆಯುತ್ತ ಅಲ್ಲಿಯವರೆಗೆ ಬಂದು ಎತ್ತು ತಿರುಗಿಸುತ್ತಿದ್ದರು. ಎಳ್ಳಮವಾಸ್ಯೆಗೆ ಹೊಲದ ತುಂಬ ಭೂಮಿತಾಯಿಗೆ ಚರಗ ಚೆಲ್ಲುವಾಗ ಅತ್ತೆ ಒಂದು ಹಿಡಿ ಕಡುಬು, ಪುಂಡಿಪಲ್ಯ ಆ ಕಡೆಗೂ ಎಸೆಯುತ್ತಿದ್ದರು. ಮದುವೆಯಾದ ವರ್ಷ ನಾನು ಕೇಳಿದ್ದೆ.

"ಅವ್ರಿಗ್ಯಾಕ ಅತ್ತಿ?"

"ಹೊಲದಾಗ ಅದಾರಲ್ಲ ಬೇ. ಹಸಗೊಂಡು ಇರಬೇಕೇನು?" ಅಂದಿದ್ದರು.

ನಮ್ಮ ಮನೆಯವರು ಬೆಳಗಾವಿಗೆ ಹೋಗಿ ಪಲ್ಟನ್ ಸೇರಿದವರು. ವರ್ಷಕ್ಕೊಮ್ಮೆ ರಜೆಗೆ ಬಂದರೆ ಅಣ್ಣಿಗೇರಿ ಸ್ಟೇಶನ್ನಿನಲ್ಲಿ ಇಳಿದು ಟ್ರಂಕು ಹೊತ್ತು ಬರುತ್ತಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ, ಪಶ್ಚಿಮದ ಗಡಿಯಲ್ಲಿ, ತೀರಿಕೊಂಡರು. ಸುದ್ದಿ ಬಂತು, ಹೆಣ ಬರಲಿಲ್ಲ. ನಾವು ಮಣ್ಣು ಕೊಡುವ ಜನ. ಸತ್ತವರನ್ನು ಸಿಂಗರಿಸಿ ಕೂರಿಸಿ, ಊರೆಲ್ಲ ಮಣ್ಣಿಗೆ ಬಂದು, ವಿಭೂತಿ ಪತ್ರಿ ಹಾಕಿ, ಕೂತ ಹಾಗೆಯೇ ಹೂಳುತ್ತೇವೆ. ನಮ್ಮ ಮನೆಯಲ್ಲಿ ಅತ್ತು ಮುಗಿಸಲಿಕ್ಕೆ ಒಂದು ಕುಣಿ ಕೂಡ ಇರಲಿಲ್ಲ. ಜನ ಪಡಸಾಲೆಯಲ್ಲಿ ಕೂತು ಎದ್ದು ಹೋದರು.

ಮುಂದೆ ಸುಗ್ಗಿಯಲ್ಲಿ ಅವರ ಜೊತೆಗೆ ಪಲ್ಟನ್ನಿನಲ್ಲಿದ್ದ ಒಬ್ಬ ಹುಡುಕಿಕೊಂಡು ಬಂದ. ಕಲಘಟಗಿ ಕಡೆಯವನು, ಕಾಲಿಗೆ ಗಾಯವಾಗಿ ಕೋಲು ಊರಿಕೊಂಡಿದ್ದ. ಅತ್ತೆ ಅವನಿಗೆ ನೀರು ಕೊಡುವ ಮೊದಲೇ ಕೇಳಿದರು.

"ಎಲ್ಲಿ ಬಿಟ್ಟು ಬಂದ್ರಪಾ ನನ್ನ ಮಗನ್ನ?"

ಅವನು ತಲೆ ಎತ್ತಲಿಲ್ಲ. "ನಾವು ಹಿಂದ ಸರೀಬೇಕಾತು ಯವ್ವಾ. ಆ ಜಾಗಾ ಅವ್ರ ಕಡೆ ಹೋತು. ಯುದ್ಧ ನಿಂತ ಮ್ಯಾಲೆ ಎರಡೂ ಕಡೆ ಸಾಹೇಬ್ರು ಕೂಡಿದ್ರು. ಕೆಲವ್ರ ಹೆಣ ಕೊಟ್ರು. ಉಳಿದವ್ರನ್ನ ಅಲ್ಲೇ ಒಂದು ಬಾವಿ ಬಾಜೂಕ ಮಣ್ಣು ಮಾಡೀವಿ, ಮ್ಯಾಲೆ ಕಲ್ಲು ಇಟ್ಟೀವಿ ಅಂತ ಹೇಳಿದ್ರಂತ."

"ಯಾರು, ಅವರೇನು? ಕೊಂದವರೇನು?"

"ಹೌದ್ರಿ."

ಅತ್ತೆ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಅವನ ಮುಂದಿಟ್ಟರು. ಆಮೇಲೆ, "ಕುಂದ್ರಿಸ್ಯಾರೋ ಮಲಗಿಸ್ಯಾರೋ?" ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಕೋಲು ಹಿಡಿದು ಕೂತವನು ಅಳತೊಡಗಿದ.

ನನಗೆ ಆ ಶತ್ರುಗಳ ಮೇಲೆ ಎಳ್ಳಷ್ಟೂ ಕನಿಕರವಿರಲಿಲ್ಲ, ಇಂದಿಗೂ ಇಲ್ಲ. ನನ್ನ ಗಂಡನ ಎದೆಗೆ ಗುಂಡು ಹೊಡೆದವನು ಚೆನ್ನಾಗಿರಲಿ ಎಂದು ನಾನು ಯಾವ ದೇವರಿಗೂ ಕೈಮುಗಿದವಳಲ್ಲ. ಆದರೆ ಅಂದಿನಿಂದ ಒಂದು ಬಾವಿ, ಅದರ ಬಾಜೂಕ್ಕೆ ಒಂದು ಕಲ್ಲು ನನ್ನ ತಲೆಯೊಳಗೆ ಬಂದು ಕೂತವು. ರೊಟ್ಟಿ ಬಡಿಯುವಾಗ, ಹತ್ತಿ ಬಿಡಿಸುವಾಗ, ಅಲ್ಲಿ ಯಾರಾದರೂ ಆ ಕಲ್ಲನ್ನು ಬಟ್ಟೆ ಒಗೆಯಲಿಕ್ಕೆ ಎತ್ತಿಕೊಂಡು ಹೋದರೆ ಎಂಬ ಯೋಚನೆ ಬರುತ್ತಿತ್ತು. ಯಾರಿಗೂ ಹೇಳಲಿಲ್ಲ.

ಒಂದೆರಡು ವರ್ಷ ಕಳೆಯಿತು. ಪಂಚಾಯತಿಯ ಚೇರಮನ್ನರು ನಮ್ಮ ಮನೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಯಲ್ಲಿ ಎಲೆಯಡಿಕೆ. ಬಸ್‌ ನಿಲ್ಲುವ ಜಾಗದಲ್ಲಿ ನಮ್ಮ ಮನೆಯವರ ಹೆಸರಿನಲ್ಲಿ ಒಂದು ಕಟ್ಟೆ ಕಟ್ಟಿಸುತ್ತೇವೆ, ಮಂತ್ರಿಗಳು ಬಂದು ಮಾಲೆ ಹಾಕುತ್ತಾರೆ ಅಂದರು. ಮಾವನ ಕಣ್ಣು ತುಂಬಿ ಬಂದವು. ಸುಳ್ಳು ಯಾಕೆ ಹೇಳಲಿ, ನನಗೂ ಹಿಗ್ಗಾಯಿತು. ಎಲ್ಲಿಯೂ ಇಲ್ಲದ ಮನುಷ್ಯನಿಗೆ ಊರಲ್ಲಿ ಒಂದು ಜಾಗ ಆಗುತ್ತದಲ್ಲ ಅನಿಸಿತು. ಹೋಗುವಾಗ ಚೇರಮನ್ನರು ಮಾವನನ್ನು ಅಂಗಳಕ್ಕೆ ಕರೆದು ಏನೋ ಮಾತಾಡಿದರು. ಮಾವ ಹೂಂ ಎಂದು ತಲೆ ಅಲ್ಲಾಡಿಸಿದ್ದನ್ನು ಕಂಡೆ. ಏನೆಂದು ಕೇಳಲಿಲ್ಲ.

ಆಮೇಲೆ ಒಂದು ದಿನ ನಾನೂ ಅತ್ತೆಯೂ ಹತ್ತಿ ಬಿಡಿಸಲಿಕ್ಕೆ ಹೊಲಕ್ಕೆ ಹೋದೆವು. ಒಂದು ಸಾಲು ಬಿಡಿಸುವಷ್ಟರಲ್ಲಿ ದೂರದ ಹಳ್ಳದ ದಂಡೆಯಲ್ಲಿ ಬಂಡಿ ನಿಂತದ್ದು, ಆಳುಗಳು ಬಗ್ಗಿ ಏಳುವುದು ಕಾಣಿಸಿತು. ಕಬ್ಬಿಣ ಕಲ್ಲಿಗೆ ಬಡಿಯುವ ಸಪ್ಪಳ ಕೇಳಿಸಿತು. ಅತ್ತೆ ಉಡಿ ಬಿಚ್ಚಿ ಬಿಡಿಸಿದ ಹತ್ತಿಯನ್ನು ಅಲ್ಲೇ ನೆಲಕ್ಕೆ ಸುರಿದು ಓಡಿದರು. ಅವರು ಓಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಎರಡು ಚಪ್ಪಡಿ ಆಗಲೇ ಬಂಡಿ ಏರಿ ಊರಿಗೆ ಹೋಗಿದ್ದವು. ಮೂರನೆಯದನ್ನು ಎತ್ತಿ ಪಕ್ಕಕ್ಕೆ ಒರಗಿಸಿದ್ದರು. ಅದರ ಕೆಳಗಿನ ಕಟ್ಟಡದ ಕಲ್ಲುಗಳೂ ಬೇಕೆಂದು ಅಗೆದು ಅಗೆದು ಒಳಗಿನವರೆಗೆ ಹೋಗಿದ್ದರು. ಕರಿ ಮಣ್ಣಿನಲ್ಲಿ ಕಂದು ಬಣ್ಣದ ಎಲುಬುಗಳು ಕಂಡವು. ದವಡೆಯೊಂದು ಮೇಲೆ ಬಂದಿತ್ತು. ಹಲ್ಲುಗಳೆಲ್ಲ ಗಟ್ಟಿಯಾಗಿದ್ದವು, ಒಂದೂ ಸವೆದಿರಲಿಲ್ಲ. ಯಾವುದೋ ಹುಡುಗನದು. ಚೇರಮನ್ನರು ಚಪ್ಪಲಿಯ ತುದಿಯಿಂದ ಅದನ್ನು ಹೊರಳಿಸಿ ನೋಡುತ್ತಿದ್ದರು.

"ಕಾಲು ತಗೀರಿ," ಅಂದೆ.

ಅವರು ನಕ್ಕರು. "ಬಾ ತಂಗಿ. ಹೆದರಬ್ಯಾಡ, ಹಳೇ ಎಲುಬು."

"ಕಾಲು ತಗೀರಿ ಅಂದೆ ನಾ."

ಆಳುಗಳು ಹಾರೆ ನಿಲ್ಲಿಸಿದರು. ಚೇರಮನ್ನರ ಮುಖ ಬಿಗಿಯಿತು.

"ಇವ್ರೇನು ನಮ್ಮ ಬೀಗರೇನವ್ವ? ನಮ್ಮ ಮಂದೀನ ಕೊಂದ ವೈರಿಗಳು. ಇವ್ರ ಕಲ್ಲಾಗ ನಿನ್ನ ಗಂಡನ ಕಟ್ಟಿ ಕಟ್ಟಿದ್ರ, ಅದಕ್ಕಿಂತ ಚಲೋ ಕೆಲಸ ಯಾವದೈತಿ? ಮಂತ್ರಿಗಳಿಗೂ ಇದನ್ನ ಹೇಳೀನಿ, ಅಗದಿ ಖುಷಿ ಆದ್ರು."

ಆಗ ನನ್ನ ಬಾಯಿಂದ ಏನು ಬಂತೋ ಎಲ್ಲ ನೆನಪಿಲ್ಲ. ನೆನಪಿರುವುದು ಇಷ್ಟು. "ನನ್ನ ಗಂಡ ಅಲ್ಲಿ ಅವ್ರ ಪಾಲಿಗೆ ವೈರಿ ರೀ. ಅವ್ರ ಊರ ಚೇರಮನ್ನೂ ನಿಮ್ಮಂಗ ಶ್ಯಾಣ್ಯಾ ಇದ್ರ ಏನು ಮಾಡ್ಲಿ? ನನ್ನ ಗಂಡನ ದವಡಿ ಯಾರ ಚಪ್ಪಲಿ ತುದ್ಯಾಗ ಐತೋ ಏನೋ ಅಂತ ನಾ ದಿನಾ ಸಾಯಾಕತ್ತೀನಿ. ನೀವು ನನ್ನ ಹೊಲದಾಗ ಬಂದು ಅದನ್ನ ಮಾಡಿ ತೋರಸ್ತೀರಿ?"

"ನಿಮ್ಮ ಮಾವನ್ನ ಕೇಳೇ ಬಂದೀನಿ. ಹೊಲ ಅವ್ರದು," ಎಂದರು ಚೇರಮನ್ನರು.

ಅಂಗಳದಲ್ಲಿ ಮಾವ ತಲೆ ಅಲ್ಲಾಡಿಸಿದ್ದು ಇದಕ್ಕೆ ಎಂದು ಆಗ ತಿಳಿಯಿತು. ಅತ್ತೆ ಸೀರೆ ಎತ್ತಿ ಕಟ್ಟಿ ಕುಣಿಗೆ ಇಳಿದರು, ದವಡೆಯನ್ನು ಎತ್ತಿ ಸೆರಗಿನಿಂದ ಒರೆಸಿ ಉಳಿದ ಎಲುಬುಗಳ ಜೊತೆಗೆ ಇಟ್ಟು, ಕೈಯಿಂದಲೇ ಮಣ್ಣು ಎಳೆದು ಮುಚ್ಚತೊಡಗಿದರು. ಬಂಡಿಯ ಆಳುಗಳಲ್ಲಿ ಒಬ್ಬ ಸಲಿಕೆ ತೆಗೆದುಕೊಂಡು ಅವರಿಗೆ ಜೊತೆಯಾದ. ಚೇರಮನ್ನರು ಬೈಯುತ್ತ ಹೋದರು. ನಾನು ಹಿಂದಿನಿಂದ ಕೂಗಿ ಹೇಳಿದೆ, ಆ ಕಲ್ಲಿನ ಮೇಲೆ ನನ್ನ ಗಂಡನ ಹೆಸರು ಬರೆಸಿದರೆ ನಾನು ಆ ಕಟ್ಟೆಗೆ ಬಂದು ನಿಲ್ಲುವುದಿಲ್ಲವೆಂದು.

ಬರೆಸಿದರು. ಎರಡು ಚಪ್ಪಡಿ ಸಿಕ್ಕಿದ್ದವಲ್ಲ, ಅವನ್ನೇ ತಿರುವಿ ಹಾಕಿ, ಹಿಂಬದಿಗೆ ಹೆಸರು ಕೆತ್ತಿಸಿದರು. ಮಂತ್ರಿಗಳು ಬಂದರು. ಶಾಲೆಯ ಮಕ್ಕಳು ಹಾಡಿದರು. ನಾನೂ ಅತ್ತೆಯೂ ಮನೆಯ ಬಾಗಿಲು ಹಾಕಿಕೊಂಡು ಕೂತೆವು. ಮೈಕಿನ ಮಾತು ಒಳಗೂ ಕೇಳಿಸುತ್ತಿತ್ತು. ವೈರಿಯ ಎದೆಯ ಮೇಲಿನ ಕಲ್ಲು ಇಂದು ನಮ್ಮ ವೀರನ ಕಾಲಡಿಗೆ ಬಂದಿದೆ ಎಂದು ಯಾರೋ ಕೂಗಿದರು. ಜನ ಚಪ್ಪಾಳೆ ತಟ್ಟಿದರು. ನಮ್ಮ ಮನೆಯವರು ಇರುವೆ ಸಾಲು ಕಂಡರೆ ದಾಟಿ ಹೋಗುತ್ತಿದ್ದ ಮನುಷ್ಯ. ಅವರ ಹೆಸರಿಗೆ ಇಂಥ ಮಾತು ಅಂಟಿಸಿದರು.

ಊರಿನಲ್ಲಿ ನನ್ನ ಬಗ್ಗೆ ಹುಟ್ಟಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಗಂಡನನ್ನು ತಿಂದುಕೊಂಡವಳು ಗಂಡನ ವೈರಿಗಳ ಪರ ನಿಂತಳು ಎಂಬುದು ಅವುಗಳಲ್ಲಿ ಸೌಮ್ಯವಾದದ್ದು. ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಡುತ್ತಿದ್ದರು.

ಮಾವ ಸಮಾರಂಭಕ್ಕೆ ಹೋಗಿದ್ದರು. ಕೊರಳಲ್ಲಿ ಮಾಲೆ ಹಾಕಿಕೊಂಡೇ ಮನೆಗೆ ಬಂದರು. ಅತ್ತೆ ತಾಟು ಇಟ್ಟು ರೊಟ್ಟಿ ಹಾಕಿದರು, ಮಾತು ಹಾಕಲಿಲ್ಲ. ಹೀಗೇ ಬಹಳ ದಿನ ನಡೆಯಿತು. ನಾನೂ ಮಾತು ಬಿಟ್ಟಿದ್ದೆ. ಒಂದು ಮುಂಜಾನೆ ಮಾವ ತಾಟು ಸರಿಸಿ ನನ್ನನ್ನು ಕೇಳಿದರು.

"ಏನು ಮಾಡಂತೀದಿ ನನಗ? ಮಗನ ಹೆಸರು ಒಂದು ಕಡೆ ಇರ್ಲಿ ಅಂತ ಹೂಂ ಅಂದೆ. ಎಲುಬಿನ ತನಕ ಅಗೀತಾರಂತ ನನಗೇನು ಗೊತ್ತು?"

"ಗೊತ್ತಾದ ಮ್ಯಾಲೂ ಮಾಲಿ ಹಾಕಿಸ್ಕೊಂಡ್ರಲ್ಲ ಮಾವಾರ," ಅಂದೆ.

ಸೊಸೆ ಮಾವನಿಗೆ ಆಡುವ ಮಾತಲ್ಲ ಅದು. ಅವರು ಎದ್ದು ಹೊರಗೆ ಹೋದರು. ಬೈಯಬಹುದು, ತವರಿಗೆ ಹೋಗು ಅನ್ನಬಹುದು ಎಂದುಕೊಂಡೆ. ಎತ್ತಿನ ಗೆಜ್ಜೆ ಸಪ್ಪಳ ಕೇಳಿಸಿತು. ಅವರು ಬಂಡಿ ಹೂಡುತ್ತಿದ್ದರು.

"ಹಾರಿ ತಗೊಂಡು ಬಾ," ಅಂದರು.

ಮೂವರೂ ಹೋದೆವು. ಬಸ್ಸಿಗೆ ಕಾಯುತ್ತಿದ್ದ ಜನ ಸುತ್ತ ನೆರೆದರು. ಯಾರೂ ಕೈ ಹಚ್ಚಲಿಲ್ಲ, ಯಾರೂ ತಡೆಯಲೂ ಇಲ್ಲ. ಮಾವ ಸಿಮೆಂಟಿನ ಸಂದಿಗೆ ಹಾರೆ ಹಾಕಿ ಮೀಟಿದರು. ಚೇರಮನ್ನರು ಎಲ್ಲಿಂದಲೋ ಓಡಿ ಬಂದರು. "ಸರಕಾರದ ಕಟ್ಟಿ ಐತಿ ಇದು! ಪೊಲೀಸರನ್ನ ಕರಸ್ತೀನಿ!"

ಮಾವ ಹಾರೆ ಬಿಡಲಿಲ್ಲ. "ಕರಸಪಾ. ಮಗಾ ನನ್ನವ. ಕಲ್ಲು ನನ್ನ ಹೊಲದ್ದು. ನಿಂದೇನೈತಿ ಇದರಾಗ? ಬರೇ ಭಾಷಣ."

ಜನರಲ್ಲಿ ಯಾರೋ ನಕ್ಕರು. ಪೊಲೀಸರು ಬರಲಿಲ್ಲ. ಒಂದು ಚಪ್ಪಡಿ ಸುಸೂತ್ರವಾಗಿ ಎದ್ದಿತು. ಇನ್ನೊಂದು ನಡುವೆ ಬಿರುಕು ಬಿಟ್ಟು ಎರಡು ತುಂಡಾಯಿತು. ನಮ್ಮ ಮನೆಯವರ ಹೆಸರೂ ಎರಡು ತುಂಡಾಯಿತು. ಅದನ್ನು ನೋಡಿ ಅತ್ತೆ ಮೊದಲ ಬಾರಿಗೆ ಎಲ್ಲರೆದುರು ಗಟ್ಟಿಯಾಗಿ ಅತ್ತರು. ನಾನು ಅಳಲಿಲ್ಲ. ಅಷ್ಟು ಸಿಟ್ಟಿತ್ತು.

ಹಳ್ಳದ ದಂಡೆಗೆ ಒಯ್ದು ಮತ್ತೆ ಹೊದಿಸಿದೆವು. ಯಾವ ಕಲ್ಲು ಯಾವ ಗೋರಿಯದೆಂದು ನಮಗೆ ತಿಳಿಯಲಿಲ್ಲ. ಇಂಗ್ಲಿಷ್ ಅಕ್ಷರಗಳು ಸವೆದಿದ್ದವು, ಉಳಿದವನ್ನು ಓದಲು ನಮಗೆ ಬರುತ್ತಿರಲಿಲ್ಲ. ಒಬ್ಬನ ಹೆಸರು ಇನ್ನೊಬ್ಬನ ಮೇಲೆ ಬಿದ್ದಿರಬಹುದು. ನಮ್ಮ ಮನೆಯವರ ಹೆಸರು ಮಣ್ಣಿನ ಕಡೆಗೆ ಹೋಯಿತು, ಆ ಹುಡುಗರ ಹೆಸರು ಆಕಾಶದ ಕಡೆಗೆ. ಬಸ್‌ ಸ್ಟ್ಯಾಂಡಿನ ಕಟ್ಟೆಗೆ ಮುಂದೆ ಸಿಮೆಂಟು ಬಳಿದರು. ಅದರ ಮೇಲೆ ಜನ ಕೂತು ಶೇಂಗಾ ತಿನ್ನುತ್ತಿದ್ದರು. ಅದಕ್ಕೆ ನನ್ನ ತಕರಾರಿರಲಿಲ್ಲ.

ಚೇರಮನ್ನರು ಮತ್ತೆ ಆರಿಸಿ ಬಂದರು. ಎಂಬತ್ತರ ದಶಕ ಮುಗಿಯುತ್ತ ಬಂದಾಗ, ನಾನು ಶಾಲೆಯಲ್ಲಿ ಕಲಿಸುವ ಕೆಲಸಕ್ಕೆ ಸೇರಿ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಒಂದು ದಿನ ಅವರು ಬಂದು ನನ್ನ ಎದುರಿನ ಸೀಟಿನಲ್ಲಿ ಕೂತರು. ಮುದುಕರಾಗಿದ್ದರು.

"ಅಕ್ಕೋರ, ಇನ್ನೂ ಸಿಟ್ಟು ಹೋಗಿಲ್ಲೇನ್ರಿ?" ಎಂದು ನಗುತ್ತ ಕೇಳಿದರು.

"ಇಲ್ರಿ," ಅಂದೆ.

"ಏನೋ ಊರಿಗೆ ಚಲೋ ಆಗ್ಲಿ ಅಂತ ಮಾಡಿದ್ದು. ನಾಕು ಕಲ್ಲಿನ ಸಲುವಾಗಿ ಇಷ್ಟು ವರ್ಷ..."

ಅವರ ಮಾತು ಮುಗಿಯುವ ಮೊದಲೇ ನಾನು ಎದ್ದೆ. ಬಸ್ಸಿನ ತುಂಬ ಸಂತೆಯ ಜನ, ಬುಟ್ಟಿ, ಕೋಳಿ. ಕಂಬಿ ಹಿಡಿದು ನವಲಗುಂದ ಬರುವವರೆಗೂ ನಿಂತೇ ಹೋದೆ.